ಸಂತೆ, ಸೀರೆ, ಒಣದ್ರಾಕ್ಷಿ, ಆಲಮಟ್ಟಿ: ನಿತ್ಯದ ಬದುಕಿನಿಂದ ಗಣಿತ ಕಲಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಶಿಕ್ಷಕರು ಮತ್ತು ಪಾಲಕರು ಈ ವಿಷಯ ಬಂದಾಗಲೆಲ್ಲ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಉದಾಹರಣೆಗಳೆಲ್ಲ ನಮ್ಮ ಸುತ್ತಲಿನವು. ಬೇರೆ ಜಿಲ್ಲೆಯವರು ತಮ್ಮ ಊರಿನ ಬೆಳೆ, ಕೆರೆ, ಕಸುಬುಗಳನ್ನು ಹಾಕಿಕೊಂಡು ಓದಬಹುದು.

ಪಠ್ಯಪುಸ್ತಕದಲ್ಲೂ ಹಣ್ಣು, ಪೆನ್ಸಿಲ್, ರೈಲುಗಾಡಿಯ ಲೆಕ್ಕಗಳಿವೆ. ಅದಕ್ಕೂ ನೀವು ಹೇಳುವುದಕ್ಕೂ ಏನು ವ್ಯತ್ಯಾಸ?

ಬಂದ ಉತ್ತರ ಸರಿಯೇ ತಪ್ಪೇ ಎಂದು ಸನ್ನಿವೇಶವೇ ಹೇಳುವಂತಿರಬೇಕು. ಪುಸ್ತಕದ ಕೊನೆಯ ಪುಟ ಮಾತ್ರ ಹೇಳುವುದಾದರೆ, ಹಣ್ಣು ಪೆನ್ಸಿಲ್‌ಗಳು ಅಲ್ಲಿ ಬರೀ ಅಲಂಕಾರ.

ಅಮೆರಿಕದಲ್ಲಿ 1983ರ ರಾಷ್ಟ್ರಮಟ್ಟದ ಪರೀಕ್ಷೆಯೊಂದರಲ್ಲಿ 13 ವರ್ಷದ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟಿದ್ದರು: 1,128 ಸೈನಿಕರಿದ್ದಾರೆ, ಒಂದು ಬಸ್ಸಿನಲ್ಲಿ 36 ಜನ ಕೂರಬಹುದು, ಎಷ್ಟು ಬಸ್ಸು ಬೇಕು? ಸುಮಾರು ಶೇ 70ರಷ್ಟು ಮಕ್ಕಳು ಭಾಗಾಕಾರವನ್ನು ಸರಿಯಾಗಿಯೇ ಮಾಡಿದರು. ಆದರೆ 32 ಎಂಬ ಸರಿಯುತ್ತರ ಬರೆದವರು ಶೇ 23ರಷ್ಟು ಮಾತ್ರ. ಉಳಿದವರಲ್ಲಿ ಅನೇಕರು ‘31, ಶೇಷ 12’ ಎಂದು ಬರೆದರು. ಶೇಷ ಹನ್ನೆರಡು ಜನ ರಸ್ತೆಯಲ್ಲೇ ನಿಂತಿದ್ದಾರೆ ಎಂಬುದು ಅವರ ಕಣ್ಣಿಗೆ ಬೀಳಲಿಲ್ಲ. ಅದೇ ಮಕ್ಕಳು ತಮ್ಮ ಶಾಲೆಯ ಪ್ರವಾಸಕ್ಕೆ ತಾವೇ ಬಸ್ಸು ಗೊತ್ತು ಮಾಡಬೇಕಾಗಿದ್ದರೆ ಹನ್ನೆರಡು ಗೆಳೆಯರನ್ನು ಬಿಟ್ಟುಹೋಗುತ್ತಿರಲಿಲ್ಲ.

ಎರಡನೆಯ ಗುರುತು ಕುತೂಹಲ. ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವ ಮನೆಗಳ ಮಕ್ಕಳು ಒಣದ್ರಾಕ್ಷಿ ಶೆಡ್ಡುಗಳನ್ನು ನೋಡುತ್ತಲೇ ಬೆಳೆದಿರುತ್ತಾರೆ. ಅವರಿಗೆ ಹೀಗೆ ಕೇಳಿ: ಹಸಿ ದ್ರಾಕ್ಷಿಯಲ್ಲಿ ಸುಮಾರು ಶೇ 80 ನೀರು. 100 ಕಿಲೋ ದ್ರಾಕ್ಷಿಯನ್ನು ಒಣಗಲು ಹಾಕಿದ್ದೇವೆ. ನೀರಿನ ಪಾಲು ಶೇ 60ಕ್ಕೆ ಇಳಿದಾಗ ತೂಕ ಎಷ್ಟಿರುತ್ತದೆ? ತರಗತಿಯೆಲ್ಲ ಒಂದೇ ದನಿಯಲ್ಲಿ ‘80 ಕಿಲೋ’ ಎನ್ನುತ್ತದೆ. ದೊಡ್ಡವರೂ ಅದನ್ನೇ ಹೇಳುತ್ತಾರೆ. ಸರಿಯುತ್ತರ 50 ಕಿಲೋ. ನೀರು ಆರಿಹೋಗುತ್ತದೆ, ಆದರೆ ಹಣ್ಣಿನ ತಿರುಳು, ಸಕ್ಕರೆ ಎಲ್ಲ ಸೇರಿದ 20 ಕಿಲೋ ಎಲ್ಲಿಗೂ ಹೋಗುವುದಿಲ್ಲ. ಮೊದಲು ಅದು ನೂರರಲ್ಲಿ ಇಪ್ಪತ್ತಾಗಿತ್ತು. ಈಗ ಅದೇ 20 ಕಿಲೋ ಒಟ್ಟು ತೂಕದ ಶೇ 40 ಆಗಬೇಕು. ಅಂದರೆ ಒಟ್ಟು 50. 80 ಕಿಲೋ ಎನ್ನುವಷ್ಟು ತೂಕ ಉಳಿಯುವುದು ನೀರಿನ ಪಾಲು ಶೇ 75ಕ್ಕೆ ಇಳಿದಾಗಲೇ. ಕೊನೆಗೆ ನೀರು ಶೇ 15ರಷ್ಟು ಉಳಿದಾಗ ತೂಕ 23.5 ಕಿಲೋ. ನಾಲ್ಕು ಕಿಲೋಗೂ ಚೂರು ಹೆಚ್ಚು ಹಸಿ ದ್ರಾಕ್ಷಿಗೆ ಒಂದು ಕಿಲೋ ಒಣದ್ರಾಕ್ಷಿ ಎಂದು ಬೆಳೆಗಾರರು ಹೇಳುವ ಮಾತಿಗೆ ಇದು ಸರಿಯಾಗಿ ಹೊಂದುತ್ತದೆ. ಮಗು ಮನೆಗೆ ಹೋಗಿ ಅಪ್ಪನನ್ನು ಕೇಳಿ ಪರೀಕ್ಷಿಸಬಹುದು.

‘ಹಾಗಾಗಲು ಸಾಧ್ಯವೇ ಇಲ್ಲ ಸರ್’ ಎಂದು ಒಬ್ಬ ಹುಡುಗ ಎದ್ದು ನಿಂತರೆ ಅಂದಿನ ಪಾಠ ಗೆದ್ದಂತೆ. ಶೇಕಡಾ ಎಂಬುದು ಯಾವುದರ ಶೇಕಡಾ ಎಂಬ ಪ್ರಶ್ನೆ ಅವನಲ್ಲಿ ಹುಟ್ಟಿದೆ.

ಸಂತೆಯಲ್ಲಿ ತಾಯಿಯ ಜೊತೆ ಕುಳಿತು ಪಟಪಟ ಲೆಕ್ಕ ಹೇಳುವ ಮಗು ತರಗತಿಯಲ್ಲಿ ಯಾಕೆ ಸುಮ್ಮನಾಗುತ್ತದೆ?

ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಉತ್ತರ ಮಗುವಿನ ಬುದ್ಧಿಯಲ್ಲಿಲ್ಲ.

ಬ್ರೆಜಿಲ್ ದೇಶದ ರೆಸಿಫೆ ನಗರದ ಬೀದಿಯಲ್ಲಿ ವ್ಯಾಪಾರ ಮಾಡುವ ಮಕ್ಕಳನ್ನು ಮೂವರು ಸಂಶೋಧಕರು ಗಮನಿಸಿ 1985ರಲ್ಲಿ ಪ್ರಕಟಿಸಿದರು. ಗಿರಾಕಿಗಳಂತೆ ಹೋಗಿ ಕೇಳಿದಾಗ ಆ ಮಕ್ಕಳ ಉತ್ತರಗಳು ಶೇ 98ರಷ್ಟು ಸರಿ. ಅದೇ ಲೆಕ್ಕಗಳನ್ನು ಕಾಗದದ ಮೇಲೆ ಬರೀ ಸಂಖ್ಯೆಗಳಾಗಿ ಕೊಟ್ಟಾಗ ಶೇ 37ರಷ್ಟು ಸರಿ. ಅಲ್ಲಿ ಪರೀಕ್ಷೆಗೆ ಒಳಗಾದ ಮಕ್ಕಳು ಐವರೇ. ಆದರೆ ನಮ್ಮ ದೇಶದ ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ನೂರಾರು ಮಕ್ಕಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ಕಡೆಗೆ ಬೆರಳು ತೋರಿಸಿತು. ಜೊತೆಗೆ ಇನ್ನೊಂದು ಮಗ್ಗುಲನ್ನೂ ತೋರಿಸಿತು: ಶಾಲೆಯಲ್ಲಿ ಮಾತ್ರ ಕಲಿತ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಎಡವಿದರು. ಎರಡು ಜ್ಞಾನಗಳು ಅಕ್ಕಪಕ್ಕ ಇವೆ, ನಡುವೆ ದಾರಿ ಇಲ್ಲ.

ದಾರಿ ಮಾಡುವುದು ಶಿಕ್ಷಕರ ಕೆಲಸ. ಮೆಂತ್ಯ ಸೊಪ್ಪಿನ ಕಟ್ಟಿಗೆ 15 ರೂಪಾಯಿ, ಏಳು ಕಟ್ಟಿಗೆ ಎಷ್ಟು ಎಂದಾಗ ಹುಡುಗಿ ‘ಎರಡಕ್ಕೆ ಮೂವತ್ತು, ನಾಲ್ಕಕ್ಕೆ ಅರವತ್ತು, ಆರಕ್ಕೆ ತೊಂಬತ್ತು, ಇನ್ನೊಂದು ಹದಿನೈದು, ನೂರಾ ಐದು’ ಎನ್ನುತ್ತಾಳೆ. ಅವಳ ಮಾತನ್ನು ಹಾಗೆಯೇ ಹಲಗೆಯ ಮೇಲೆ ಬರೆಯಿರಿ: 7 × 15 = (2 + 2 + 2 + 1) × 15. ಇದಕ್ಕೆ ವಿಭಾಜಕ ನಿಯಮ ಎಂಬ ಹೆಸರಿದೆ ಎಂದು ಆಮೇಲೆ ಹೇಳಿ. ಇನ್ನು ಎಂಟನೇ ತರಗತಿಯಲ್ಲಿ a(b + c) ಬಂದಾಗ ಅದು ಅವಳಿಗೆ ಹೊಸ ಅತಿಥಿಯಲ್ಲ, ಅವಳೇ ಸಂತೆಯಿಂದ ತಂದದ್ದು.

ಒಂದು ಎಚ್ಚರಿಕೆ. ಅವಳ ವಿಧಾನವನ್ನು ಮೆಚ್ಚಿ ಅಲ್ಲಿಗೇ ಬಿಟ್ಟರೆ ಅನ್ಯಾಯ ಮಾಡಿದಂತೆ. 15ರ ಜಾಗದಲ್ಲಿ 14.75 ಬಂದಾಗ, ಏಳರ ಜಾಗದಲ್ಲಿ 68 ಬಂದಾಗ ಬರವಣಿಗೆಯ ವಿಧಾನ ಬೇಕೇ ಬೇಕು. ಬಡವರ ಮಕ್ಕಳಿಗೆ ‘ಬದುಕಿನ ಲೆಕ್ಕ’ ಸಾಕು, ಬೀಜಗಣಿತ ಬೇರೆಯವರಿಗೆ ಎಂಬ ಧೋರಣೆಯನ್ನು ನಾನು ಒಪ್ಪುವುದಿಲ್ಲ.

ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಮಕ್ಕಳ ಸಂತೆ, ಮೆಟ್ರಿಕ್ ಮೇಳ ಮಾಡುತ್ತೇವೆ. ಸಾಕಲ್ಲವೇ?

ಸಂತೆಯ ದಿನ ಹಬ್ಬ, ಮರುದಿನ ಪಾಠ. ಮರುದಿನದ ಪಾಠವನ್ನು ಮಾಡುತ್ತಿದ್ದೀರಾ ಎಂಬುದೇ ಪ್ರಶ್ನೆ. ಹೆಚ್ಚಿನ ಕಡೆ ಫೋಟೊ ತೆಗೆದು ಮುಗಿಸುತ್ತಾರೆ. ಮರುದಿನ ಪ್ರತಿ ಮಗು ತನ್ನ ಖರ್ಚು, ಮಾರಾಟ, ಉಳಿದ ಸರಕು ಬರೆಯಲಿ. ‘120 ರೂಪಾಯಿ ಲಾಭ’ ಎಂದವನಿಗೆ ಮನೆಯಿಂದ ಪುಕ್ಕಟೆ ಬಂದ ಕರಿಬೇವಿನ ಬೆಲೆ ಹಿಡಿದೆಯಾ ಎಂದು ಕೇಳಿ. ಅಮ್ಮ ಬೆಳಿಗ್ಗೆ ಐದಕ್ಕೆ ಎದ್ದು ಮಾಡಿಕೊಟ್ಟ ಶೇಂಗಾ ಚಿಕ್ಕಿಗೆ ಅವಳ ಕೂಲಿ ಎಷ್ಟು? ಈ ಪ್ರಶ್ನೆ ಗಣಿತದ್ದೂ ಹೌದು, ಅದಕ್ಕಿಂತ ದೊಡ್ಡದೂ ಹೌದು.

ಮಕ್ಕಳಿಗೆ ದೊಡ್ಡ ಸಂಖ್ಯೆಗಳು ಬರೀ ಸೊನ್ನೆಗಳ ಸಾಲಾಗಿ ಕಾಣುತ್ತವೆ. ಏನು ಮಾಡಬೇಕು?

ಮಳೆಗಾಲದಲ್ಲಿ ನಮ್ಮ ಪತ್ರಿಕೆಗಳು ದಿನವೂ ಆಲಮಟ್ಟಿಯ ಅಂಕಿಗಳನ್ನು ಕೊಡುತ್ತವೆ: ಮಟ್ಟ, ಒಳಹರಿವು, ಹೊರಹರಿವು, ಸಂಗ್ರಹ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಸಿಗುವುದಿಲ್ಲ.

ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಇದನ್ನು ಹೇಳಿದರೆ ಮಗುವಿನ ಮುಖದಲ್ಲಿ ಏನೂ ಬದಲಾಗುವುದಿಲ್ಲ. ಉದ್ದ ಸಾವಿರ ಅಡಿ, ಅಗಲ ಸಾವಿರ ಅಡಿ, ಎತ್ತರ ಸಾವಿರ ಅಡಿಯ ಒಂದು ತೊಟ್ಟಿ ಎಂದು ಹೇಳಿ. ಶಾಲೆಯ ಗೇಟಿನಿಂದ ಸಾವಿರ ಅಡಿ, ಅಂದರೆ ಸುಮಾರು 305 ಮೀಟರ್, ಮಕ್ಕಳನ್ನು ನಡೆಸಿಕೊಂಡು ಹೋಗಿ ನಿಲ್ಲಿಸಿ. ಅಷ್ಟೇ ದೂರ ಪಕ್ಕಕ್ಕೆ. ಅಷ್ಟೇ ದೂರ ಆಕಾಶಕ್ಕೆ. ಅದು ತುಂಬ ನೀರು. ಪೂರ್ಣ ಮಟ್ಟವಾದ 519.60 ಮೀಟರಿಗೆ ತುಂಬಿದಾಗ ಆಲಮಟ್ಟಿಯಲ್ಲಿ ಅಂಥ 123 ತೊಟ್ಟಿಗಳಿರುತ್ತವೆ.

ಒಂದು ಘನ ಅಡಿಗೆ ಸುಮಾರು 28.3 ಲೀಟರ್. ಹಾಗಾದರೆ ಒಂದು ಟಿಎಂಸಿ 2,830 ಕೋಟಿ ಲೀಟರ್. ಒಂದು ಲಕ್ಷ ಜನರಿರುವ ಊರಿಗೆ ತಲೆಗೆ ದಿನಕ್ಕೆ ನೂರು ಲೀಟರಿನಂತೆ ಒಂದು ಕೋಟಿ ಲೀಟರ್ ಬೇಕು. ಆವಿಯಾಗುವುದನ್ನು, ಸೋರುವುದನ್ನು ಬಿಟ್ಟರೆ ಒಂದೇ ಟಿಎಂಸಿ ನೀರು ಆ ಊರಿಗೆ ಏಳೂಮುಕ್ಕಾಲು ವರ್ಷ ಬರುತ್ತದೆ.

ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಒಂದು ಲಕ್ಷ ಕ್ಯುಸೆಕ್ ಒಂದು ಇಡೀ ದಿನ ಹರಿದರೆ 8.64 ಟಿಎಂಸಿ. ಈ ಒಂದು ಅಂಕಿ ಗೊತ್ತಿದ್ದರೆ ಸಾಕು, ಒಂಬತ್ತನೇ ತರಗತಿಯ ಹುಡುಗಿ ಪತ್ರಿಕೆ ಹಿಡಿದು ‘ಒಳಹರಿವು ಒಂದು ಲಕ್ಷ, ಹೊರಹರಿವು 40 ಸಾವಿರ, ಹಾಗಾದರೆ ನಾಳೆಗೆ ಸುಮಾರು ಐದು ಟಿಎಂಸಿ ಏರಬೇಕು’ ಎಂದು ಹೇಳುತ್ತಾಳೆ. ಮರುದಿನದ ಪತ್ರಿಕೆ ಅವಳ ಉತ್ತರವನ್ನು ತಿದ್ದುತ್ತದೆ. ಅಂಕಿ ಹೊಂದದಿದ್ದರೆ ಯಾಕೆ ಹೊಂದಲಿಲ್ಲ ಎಂದು ಹುಡುಕಬೇಕಾಗುತ್ತದೆ. ಹರಿವು ದಿನವಿಡೀ ಒಂದೇ ರೀತಿ ಇರಲಿಲ್ಲವೇನೋ.

ಇನ್ನೊಂದು ಪ್ರಶ್ನೆ ನಮ್ಮ ಭಾಗದ ಮನೆಗಳಿಗೆ ಬಹಳ ಹತ್ತಿರದ್ದು. ಅಣೆಕಟ್ಟೆಯ ನೀರಿನ ಮಟ್ಟವನ್ನು 519.60ರಿಂದ 524.256 ಮೀಟರಿಗೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ಕಳೆದರೆ 4.656 ಮೀಟರ್. ಐದು ಮೀಟರೂ ಇಲ್ಲ. ಇಷ್ಟಕ್ಕೆ ಅಷ್ಟೊಂದು ಹೊಲ, ಊರು ಯಾಕೆ ಮುಳುಗುತ್ತವೆ? ದಂಡೆ ನೂರು ಮೀಟರಿಗೆ ಒಂದು ಮೀಟರಿನಂತೆ ಏರುತ್ತಿದ್ದರೆ ನೀರು 466 ಮೀಟರ್ ಒಳಗೆ ಬರುತ್ತದೆ. ಇನ್ನೂರಕ್ಕೆ ಒಂದು ಮೀಟರಿನಂತೆ ಏರುತ್ತಿದ್ದರೆ 931 ಮೀಟರ್. ಸಮರೂಪ ತ್ರಿಭುಜಗಳ ಪಾಠ ಇದು. ಹಳೆಯ ಬಾಗಲಕೋಟೆಯ ಭಾಗಗಳು ಹಿನ್ನೀರಿಗೆ ಹೋಗಿ ನವನಗರ ಎದ್ದದ್ದನ್ನು ಕಂಡ ಅಜ್ಜ ಅಜ್ಜಿಯರು ಮನೆಯಲ್ಲಿರುವ ಮಕ್ಕಳಿಗೆ ಈ ತ್ರಿಭುಜ ಕಾಗದದ ಮೇಲಿನ ಗೆರೆಯಾಗಿ ಉಳಿಯುವುದಿಲ್ಲ. ಇಂಥ ಪಾಠ ಮಾಡುವಾಗ ದನಿ ಮೆತ್ತಗಿರಲಿ.

ಕಬ್ಬಿನ ಲೆಕ್ಕವನ್ನು ತರಗತಿಗೆ ತರಬಹುದೇ? ಅದು ರಾಜಕೀಯವಾಗುವುದಿಲ್ಲವೇ?

ದರ ಎಷ್ಟಿರಬೇಕು ಎಂಬ ವಾದ ತರಗತಿಯದಲ್ಲ. ಘೋಷಿಸಿದ ದರವನ್ನು ಓದಿ ಅರ್ಥಮಾಡಿಕೊಳ್ಳುವುದು ಖಂಡಿತ ತರಗತಿಯದೇ.

2024–25ನೇ ಹಂಗಾಮಿಗೆ ಕೇಂದ್ರ ಸರ್ಕಾರ ಶೇ 10.25 ಸಕ್ಕರೆ ಇಳುವರಿಗೆ (ಅಂದರೆ 100 ಕಿಲೋ ಕಬ್ಬಿನಿಂದ 10.25 ಕಿಲೋ ಸಕ್ಕರೆ) ಕ್ವಿಂಟಲ್ ಕಬ್ಬಿಗೆ 340 ರೂಪಾಯಿ ನ್ಯಾಯಸಮ್ಮತ ದರ ನಿಗದಿ ಮಾಡಿತ್ತು. ಇಳುವರಿ ಶೇ 0.1ರಷ್ಟು ಏರಿದರೆ ಕ್ವಿಂಟಲಿಗೆ 3.32 ರೂಪಾಯಿ ಹೆಚ್ಚು. ಈ 3.32 ಎಲ್ಲಿಂದ ಬಂತು? ಮುಧೋಳ, ಜಮಖಂಡಿ, ಗೋಕಾಕ, ಅಥಣಿ ಕಡೆಯ ಮಕ್ಕಳಿಗೆ ಕೇಳಿ. ಶೇ 10.25ರಲ್ಲಿ 0.1ರ ತುಂಡುಗಳು 102.5 ಇವೆ. 340ನ್ನು 102.5ರಿಂದ ಭಾಗಿಸಿದರೆ 3.317. ಅಂದರೆ 3.32. ಸರ್ಕಾರದ ಆದೇಶದೊಳಗೆ ಕುಳಿತಿರುವುದು ಏಳನೇ ತರಗತಿಯ ನೇರ ಅನುಪಾತ!

ಇಳುವರಿ 10.25ರಿಂದ 11.25ಕ್ಕೆ ಏರಿತು ಎನ್ನಿ. ‘ಶೇ 1 ಏರಿತು’ ಎಂದು ಎಲ್ಲರೂ ಹೇಳುತ್ತಾರೆ. ಟನ್ನಿನ ದರ 3,400ರಿಂದ 3,732ಕ್ಕೆ ಹೋಗುತ್ತದೆ, ಅದು ಶೇ 9.8ರಷ್ಟು ಏರಿಕೆ. ಶೇ 1 ಹೇಗೆ ಶೇ 9.8 ಆಯಿತು ಎಂಬುದನ್ನು ಮಕ್ಕಳು ಬಿಡಿಸಿ ಹೇಳಬಲ್ಲವರಾದರೆ, ಶೇಕಡಾವಾರು ಅಧ್ಯಾಯದಲ್ಲಿ ಅವರಿಗೆ ಹೇಳಿಕೊಡಲು ಬಹಳವೇನೂ ಉಳಿದಿಲ್ಲ. ಕಟಾವು ಮತ್ತು ಸಾಗಣೆ ವೆಚ್ಚ ಕಳೆಯುವುದನ್ನು ಮರೆಯಬೇಡಿ. ಮನೆಯಲ್ಲಿ ಹಳೆಯ ಬಿಲ್ಲು ಇದ್ದರೆ ಹೆಸರು ಮರೆಮಾಡಿ ತರಲು ಹೇಳಿ. ಯಾರ ಮನೆಯ ಬಾಕಿ ಎಷ್ಟು ಎಂಬುದು ತರಗತಿಯ ವಿಷಯವಾಗಬಾರದು.

ಗೋಳಗುಮ್ಮಟಕ್ಕೆ ಪ್ರವಾಸ ಹೋಗುತ್ತೇವೆ. ಅಲ್ಲಿ ಗಣಿತ ಏನು ಮಾಡಿಸಬಹುದು?

ಒಂದು ಅಳತೆ ಪಟ್ಟಿ, ಒಂದು ಕೈಗಡಿಯಾರ, ಒಂದು ನೋಟ್‌ಬುಕ್ ಸಾಕು. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್, ಒಳವ್ಯಾಸ ಸುಮಾರು 38 ಮೀಟರ್ ಎಂದು ಮೊದಲೇ ಹೇಳಿ, ಗೋಡೆ ಎಷ್ಟು ದಪ್ಪ ಎಂದು ಕೇಳಿ. ಅನೇಕರು ಆರು ಮೀಟರ್ ಎನ್ನುತ್ತಾರೆ. ಗೋಡೆ ಎರಡೂ ಬದಿಗೆ ಇದೆ ಎಂಬುದು ಹೊಳೆದಾಗ ಮೂರು ಎನ್ನುತ್ತಾರೆ.

ಏಳು ಅಂತಸ್ತಿನ ಮೂಲೆಯ ಗೋಪುರದ ಮೆಟ್ಟಿಲು ಹತ್ತುವಾಗ ಎಣಿಸಲಿ. ನಾಲ್ಕೈದು ಮೆಟ್ಟಿಲುಗಳ ಎತ್ತರ ಅಳೆದು ಸರಾಸರಿ ತೆಗೆದರೆ ಮೊಗಸಾಲೆ ಎಷ್ಟು ಎತ್ತರದಲ್ಲಿದೆ ಎಂದು ತಿಳಿಯುತ್ತದೆ. ಮೇಲೆ ಪಿಸುಮಾತಿನ ಮೊಗಸಾಲೆಯಲ್ಲಿ ಇದುರಿನ ಗೋಡೆಗೆ ಹೋಗಿ ಮರಳುವ ಚಪ್ಪಾಳೆಯ ಸದ್ದು ಸುಮಾರು 76 ಮೀಟರ್ ಪ್ರಯಾಣ ಮಾಡಬೇಕು. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 0.22 ಸೆಕೆಂಡು. ನಮ್ಮ ಕಿವಿ ಎರಡು ಸದ್ದುಗಳನ್ನು ಬೇರೆ ಬೇರೆ ಎಂದು ಗುರುತಿಸಲು ಬೇಕಾಗುವ ಸುಮಾರು 0.1 ಸೆಕೆಂಡಿಗಿಂತ ಇದು ಹೆಚ್ಚು. ಆದ್ದರಿಂದ ಪ್ರತಿಧ್ವನಿ ಬಿಡಿಯಾಗಿ ಕೇಳುತ್ತದೆ. ನಮ್ಮ ತರಗತಿ ಕೋಣೆಯಲ್ಲಿ ಯಾಕೆ ಕೇಳುವುದಿಲ್ಲ ಎಂಬ ಪ್ರಶ್ನೆಯನ್ನು ಮರಳಿ ಬಂದ ಮೇಲೆ ಕೇಳಿ.

ಆದರೆ ನನ್ನ ಮೆಚ್ಚಿನ ಪ್ರಶ್ನೆ ಕೆಳಗೆ ನಿಂತು ಕೇಳುವಂಥದ್ದು. ಕಟ್ಟಡದ ತಳ ಚೌಕ, ಮೇಲಿನ ಗುಮ್ಮಟ ವೃತ್ತ. ಚೌಕದ ಮೇಲೆ ವೃತ್ತವನ್ನು ಹೇಗೆ ಕೂರಿಸಿದರು? ತಲೆಯೆತ್ತಿ ನೋಡಿದರೆ ಒಂದನ್ನೊಂದು ಹಾಯುವ ಎಂಟು ಕಮಾನುಗಳು ಕಾಣುತ್ತವೆ. ಕಾಗದದ ಮೇಲೆ ಒಂದು ಚೌಕ ಬರೆದು, ಅದೇ ಅಳತೆಯ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿ ಅದರ ಮೇಲೆ ಬರೆಯಲಿ. ನಡುವೆ ಅಷ್ಟಭುಜ ಹುಟ್ಟುತ್ತದೆ. ಅಷ್ಟಭುಜ ವೃತ್ತಕ್ಕೆ ಎಷ್ಟೋ ಹತ್ತಿರ. ಆ ಅಷ್ಟಭುಜದ ವಿಸ್ತೀರ್ಣ ಚೌಕದ ಸುಮಾರು ಶೇ 83 ಎಂಬುದನ್ನು ಹತ್ತನೇ ತರಗತಿಯವರು ಪೈಥಾಗೊರಸ್ ಪ್ರಮೇಯದಿಂದ ಸಾಧಿಸಬಹುದು. 17ನೇ ಶತಮಾನದ ಕಲ್ಲುಕೆಲಸದವರು ಭಾರವನ್ನು ಒಳಕ್ಕೆ ಎಳೆದು ತಂದ ಬಗೆ ಇದು.

ಹೆಣ್ಣುಮಕ್ಕಳು ಹಾಕುವ ರಂಗೋಲಿ, ಕಸೂತಿಯಲ್ಲಿ ನಿಜಕ್ಕೂ ಗಣಿತ ಇದೆಯೇ, ಅಥವಾ ಸುಮ್ಮನೆ ಹೊಗಳುವುದೇ?

ಇದೆ. ಸಮಮಿತಿ ಎಂಬ ಒಂದು ಪದ ಹೇಳಿ ಕೈ ತೊಳೆದುಕೊಂಡರೆ ಮಾತ್ರ ಅದು ಬರಿಯ ಹೊಗಳಿಕೆ.

ಕಸೂತಿಯ ಗವಂತಿ ಹೊಲಿಗೆಯನ್ನು ತೆಗೆದುಕೊಳ್ಳಿ. ಇಳಕಲ್ ಸೀರೆಯ ಮೇಲೆ ತೇರು, ಗೋಪುರ, ತುಳಸಿಕಟ್ಟೆ ತೆಗೆಯುವ ಹೆಂಗಸರು ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕುತ್ತಾರೆ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಮರಳುವಾಗ ಬಿಟ್ಟುಹೋದ ಜಾಗಗಳನ್ನು ತುಂಬುವುದು. ಗಂಟು ಹಾಕುವುದಿಲ್ಲ. ಕೊನೆಗೆ ಮೇಲೂ ಕೆಳಗೂ ಒಂದೇ ಚಿತ್ರ. ಇಲ್ಲಿ ಎರಡು ಪ್ರಶ್ನೆಗಳಿವೆ. ಯಾವುದೇ ಚಿತ್ರವಾದರೂ ದಾರ ಕತ್ತರಿಸದೆ ಹೊರಟ ಜಾಗಕ್ಕೇ ಮರಳಲು ಸಾಧ್ಯವೇ? ಬಿಟ್ಟುಹೋದ ಹೊಲಿಗೆಗಳು ಮರಳುವಾಗ ತಪ್ಪದೆ ಸರಿಯಾದ ಮಗ್ಗುಲಿಗೇ ಬರುವುದು ಹೇಗೆ?

ಮೊದಲನೆಯದಕ್ಕೆ ಉತ್ತರ 18ನೇ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳ ಬಗ್ಗೆ ಮಾಡಿದ ವಿಚಾರದಲ್ಲಿದೆ: ಪ್ರತಿ ಬಿಂದುವಿನಲ್ಲಿ ಸೇರುವ ದಾರಿಗಳು ಸಮಸಂಖ್ಯೆಯಲ್ಲಿದ್ದು, ಚಿತ್ರ ತುಂಡಾಗದೆ ಒಂದೇ ಆಗಿದ್ದರೆ, ಎಲ್ಲ ದಾರಿಯಲ್ಲೂ ಒಮ್ಮೊಮ್ಮೆ ನಡೆದು ಹೊರಟಲ್ಲಿಗೆ ಮರಳಬಹುದು. ಗವಂತಿಯಲ್ಲಿ ಪ್ರತಿ ಗೆರೆಯ ಮೇಲೆ ದಾರ ಎರಡು ಸಲ ಹೋಗುತ್ತದೆ. ಎರಡರಿಂದ ಗುಣಿಸಿದ ಮೇಲೆ ಎಲ್ಲವೂ ಸಮಸಂಖ್ಯೆಯೇ. ಆದ್ದರಿಂದ ತುಂಡಾಗದ ಯಾವ ಚಿತ್ರವನ್ನಾದರೂ ತೆಗೆಯಬಹುದು.

ಎರಡನೆಯದನ್ನು ಮಕ್ಕಳೇ ಕಂಡುಕೊಳ್ಳಲಿ. ಕವಲೊಡೆದ ಒಂದು ಟೊಂಗೆಯ ಚಿತ್ರ ಬರೆದು, ಹೋಗುವ ಬರುವ ಹೊಲಿಗೆಗಳಿಗೆ 1, 2, 3 ಎಂದು ಸಂಖ್ಯೆ ಹಾಕಲಿ. ಬೆಸಸಂಖ್ಯೆ ಮೇಲೆ, ಸಮಸಂಖ್ಯೆ ಕೆಳಗೆ. ಯಾವ ಗೆರೆಯನ್ನು ನೋಡಿದರೂ ಹೋಗುವಾಗಿನ ಸಂಖ್ಯೆ ಬೆಸವಾಗಿದ್ದರೆ ಬರುವಾಗಿನದು ಸಮ, ಅದು ಸಮವಾಗಿದ್ದರೆ ಇದು ಬೆಸ. ಯಾಕೆಂದರೆ ನಡುವೆ ಮಾಡಿದ ಹೊಲಿಗೆಗಳೆಲ್ಲ ಜೋಡಿ ಜೋಡಿ. ಸಾಧನೆ ಎಂದರೆ ಇದೇ. ಒಂದು ಉದಾಹರಣೆ ಹೊಂದಿತು ಎಂಬುದು ಬೇರೆ, ಎಂದಿಗೂ ತಪ್ಪಲಾರದು ಎಂದು ತಿಳಿಯುವುದು ಬೇರೆ. ಕಸೂತಿ ಬಲ್ಲ ಅಜ್ಜಿಯೊಬ್ಬರನ್ನು ತರಗತಿಗೆ ಕರೆಸಿ, ಕುರ್ಚಿ ಹಾಕಿ ಕೂರಿಸಿ, ಅವರ ಕೈಯಿಂದಲೇ ಇದನ್ನು ತೋರಿಸಿದರೆ ಮಕ್ಕಳು ಆ ದಿನವನ್ನು ಮರೆಯುವುದಿಲ್ಲ.

ರಂಗೋಲಿಯಲ್ಲಿ ಸಂದು ಚುಕ್ಕಿಗಳನ್ನು ಎಣಿಸಿ. 3ರಿಂದ 2ಕ್ಕೆ ಇಳಿದರೆ ಒಟ್ಟು 7 ಚುಕ್ಕಿ. 5ರಿಂದ 3ಕ್ಕೆ 19. 7ರಿಂದ 4ಕ್ಕೆ 37. ಒಂದೇ ಚುಕ್ಕಿಯಿಂದ ಶುರು ಮಾಡಿ ಕೂಡುತ್ತ ಹೋಗಿ: 1, 8, 27, 64. ಘನಸಂಖ್ಯೆಗಳು! ಚಪ್ಪಟೆ ನೆಲದ ಮೇಲಿನ ಚುಕ್ಕಿಗಳಿಂದ ಘನ ಎಲ್ಲಿಂದ ಬಂತು? ಸಣ್ಣ ಘನಾಕಾರದ ತುಂಡುಗಳಿಂದ ಒಂದು ದೊಡ್ಡ ಘನ ಕಟ್ಟಿ, ಅದರ ಒಂದು ಮೂಲೆಗೆ ಕಣ್ಣು ನೇರ ಇಟ್ಟು ನೋಡಿದರೆ ಉತ್ತರ ಕಾಣುತ್ತದೆ. ನಾನು ಇಲ್ಲಿ ಹೇಳಿಬಿಡುವುದಿಲ್ಲ.

ಎಲ್ಲ ಅಧ್ಯಾಯಗಳನ್ನೂ ಹೀಗೆ ಕಲಿಸಬಹುದೇ?

ಇಲ್ಲ, ಹಾಗೆ ಕಲಿಸಲು ಹೆಣಗಲೂ ಬಾರದು. ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಯಾಕೆ ಎಂಬುದಕ್ಕೆ ಸಾಲದ ಕಥೆ ಕಟ್ಟುವವರಿದ್ದಾರೆ. ಕಥೆ ಲೆಕ್ಕಕ್ಕಿಂತ ಕಠಿಣವಾಗಿಬಿಡುತ್ತದೆ. 2 × (−3) = −6, 1 × (−3) = −3, 0 × (−3) = 0 ಎಂದು ಬರೆದು ಮುಂದಿನ ಸಾಲು ಏನಿರಬೇಕು ಎಂದು ಕೇಳಿ. ಪ್ರತಿ ಸಾಲಿಗೂ ಮೂರು ಏರುತ್ತಿದೆ, ಹಾಗಾದರೆ (−1) × (−3) = 3. ಸಂಖ್ಯೆಗಳ ನಡುವಿನ ಕ್ರಮವೂ ಮಕ್ಕಳಿಗೆ ಕುತೂಹಲದ ವಸ್ತುವೇ.

ಬೆಳಗಾವಿ ನಗರದ ಮಕ್ಕಳಿಗೆ ಹೊಲ, ಕಬ್ಬು ಗೊತ್ತಿಲ್ಲ. ಅವರಿಗೆ ಏನು?

ಮೊಬೈಲ್ ರೀಚಾರ್ಜ್. ‘ತಿಂಗಳ’ ಪ್ಯಾಕ್ ಎಂದು ನಾವು ಕರೆಯುವ ಎಷ್ಟೋ ಪ್ಯಾಕುಗಳ ಅವಧಿ 28 ದಿನ. 365ನ್ನು 28ರಿಂದ ಭಾಗಿಸಿದರೆ 13 ಮತ್ತು ಒಂದು ದಿನ. ವರ್ಷಕ್ಕೆ 12 ತಿಂಗಳು, ರೀಚಾರ್ಜ್ 13. 84 ದಿನದ ಪ್ಯಾಕ್ ಅಗ್ಗವೋ, ವರ್ಷದ್ದೋ ಎಂದು ಹೋಲಿಸಲು ಒಂದು ದಿನದ ಬೆಲೆ ತೆಗೆಯಬೇಕು. ಏಕಮಾನ ಪದ್ಧತಿ ಎಂಬ ಹೆಸರನ್ನು ಆಮೇಲೆ ಹೇಳಿದರಾಯಿತು.

ಹುಟ್ಟುಹಬ್ಬಗಳೂ ಚೆನ್ನ. 23 ಜನರಿರುವ ಗುಂಪಿನಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಂಭವ ಅರ್ಧಕ್ಕಿಂತ ಹೆಚ್ಚು. 40 ಮಕ್ಕಳ ತರಗತಿಯಲ್ಲಿ ಅದು ಶೇ 89. ಶಾಲೆಯ ಪ್ರತಿ ವಿಭಾಗದ ಹಾಜರಿ ಪುಸ್ತಕ ತೆಗೆದು ಪರೀಕ್ಷಿಸಲಿ. ಅಪ್ಪ ಅಮ್ಮ, ಅಜ್ಜಂದಿರ ದಾಖಲೆಗಳನ್ನೂ ಕೂಡಿಸಿದರೆ ಇನ್ನೊಂದು ಬೆರಗು ಕಾದಿದೆ: ಜೂನ್ 1ರಂದು ಹುಟ್ಟಿದವರು ಅತಿ ಹೆಚ್ಚು! ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಗುರುಗಳು ಬರೆದ ದಿನಾಂಕ ಅದು. ದತ್ತಾಂಶವನ್ನು ನಂಬುವ ಮೊದಲು ಅದನ್ನು ಬರೆದವರು ಯಾರು, ಯಾವಾಗ ಎಂದು ಕೇಳಬೇಕೆಂಬುದನ್ನು ಸಂಖ್ಯಾಶಾಸ್ತ್ರದ ಮೊದಲ ದಿನವೇ ಕಲಿಯಬಹುದು.

ನಮಗೆ ಹೆಚ್ಚು ಓದು ಇಲ್ಲ. ಮನೆಯಲ್ಲಿ ಮಗುವಿಗೆ ಗಣಿತ ಹೇಗೆ ಹೇಳಿಕೊಡಲಿ?

ಹೇಳಿಕೊಡಬೇಡಿ, ಕೇಳಿ. ಪಹಣಿ ತೆಗೆದು ಮಗುವಿನ ಮುಂದಿಡಿ. 2-20 ಎಂದು ಬರೆದಿರುತ್ತದೆ. ಅದು 2.20 ಎಕರೆಯೇ ಎಂದು ಕೇಳಿ. ಅಲ್ಲ. ಎರಡು ಎಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ, ಆದ್ದರಿಂದ ಎರಡೂವರೆ ಎಕರೆ. 3-15ಕ್ಕೆ 2-30 ಕೂಡಿದರೆ 6-05. ದಶಮಾಂಶ ಬಿಂದು ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬುದು ಆರನೇ ತರಗತಿಯ ಮಕ್ಕಳಿಗೆ ಬಹಳ ತೊಡಕಿನ ವಿಷಯ. ರೈತರಿಗೆ ಅದು ಬಾಯಿಪಾಠ. ಮೂವತ್ಮೂರು ಅಡಿಗೆ ಮೂವತ್ಮೂರು ಅಡಿ ಹಗ್ಗ ಹಿಡಿದು ಒಂದು ಗುಂಟೆಯನ್ನು ಅಂಗಳದಲ್ಲಿ ತೋರಿಸಿ. 1,089 ಚದರ ಅಡಿ. ಮಗು ಅದನ್ನು ನಲವತ್ತರಿಂದ ಗುಣಿಸಿಕೊಳ್ಳಲಿ.

ನಮ್ಮ ಭಾಗದಲ್ಲಿ ಹಿಂದೆ ಯಾರಾದರೂ ಹೀಗೆ ಗಣಿತ ಕಲಿಸಿದ್ದಾರೆಯೇ?

ಕನ್ನಡದಲ್ಲಿ ಗಣಿತ ಬರೆದವರಲ್ಲಿ ಮೊದಲಿಗನಾದ ರಾಜಾದಿತ್ಯ 12ನೇ ಶತಮಾನದವನು. ಅವನ ಊರು ಪೂವಿನಬಾಗೆ. ಅದು ಇಂದಿನ ಬೆಳಗಾವಿ ಜಿಲ್ಲೆಯ ರಾಯಬಾಗ ಎಂದು ಹೇಳುವ ವಿದ್ವಾಂಸರಿದ್ದಾರೆ. ಅವನ ಒಂದು ಗ್ರಂಥದ ಹೆಸರೇ ‘ವ್ಯವಹಾರ ಗಣಿತ’.

ಅದೇ ಶತಮಾನದ ಭಾಸ್ಕರಾಚಾರ್ಯ 1150ರ ಸುಮಾರಿಗೆ ‘ಲೀಲಾವತಿ’ ಬರೆದ. ಅವನು ಹೇಳಿಕೊಂಡ ವಿಜ್ಜಡವಿಡ ಎಂಬ ಊರು ವಿಜಯಪುರ ಎನ್ನುವವರಿದ್ದಾರೆ, ಒಪ್ಪದವರೂ ಇದ್ದಾರೆ. ಅವನ ಬಿದಿರಿನ ಲೆಕ್ಕ ನೋಡಿ: 32 ಮೊಳದ ಬಿದಿರು ಗಾಳಿಗೆ ಮುರಿದು, ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲ ಮುಟ್ಟಿದೆ. ಎಷ್ಟು ಎತ್ತರದಲ್ಲಿ ಮುರಿಯಿತು? ಉತ್ತರ 12. ಬಿದಿರು ಮುರಿದ ಎತ್ತರದಿಂದ ಯಾರಿಗೂ ಲಾಭವಿಲ್ಲ. ಆದರೂ ತಿಳಿಯಬೇಕೆನಿಸುತ್ತದೆ. ‘ಗಣಿತದಿಂದ ಏನು ಉಪಯೋಗ’ ಎಂದು ಪ್ರತಿ ಪಾಠಕ್ಕೂ ಉತ್ತರ ಹುಡುಕುವವರಿಗೆ ಇದನ್ನು ತೋರಿಸಬೇಕು.

ಐಹೊಳೆಯ ಮೇಗುತಿ ಗುಡಿಯ ಶಾಸನವೂ ಒಂದು ಲೆಕ್ಕದ ಪುಟ. ಅದನ್ನು ಬರೆದ ಕವಿ ರವಿಕೀರ್ತಿ ಅಲ್ಲಿ ಕಾಲವನ್ನು ಎರಡು ಬಗೆಯಲ್ಲಿ ಹೇಳಿದ್ದಾನೆ: ಭಾರತ ಯುದ್ಧದಿಂದ ಮೂವತ್ತು, ಮೂರು ಸಾವಿರ, ಏಳು ನೂರು, ಐದು ವರ್ಷ; ಶಕರ ಕಾಲದಿಂದ ಐವತ್ತು, ಆರು, ಐನೂರು ವರ್ಷ. ಕೂಡಿದರೆ 3,735 ಮತ್ತು 556. ಶಕವರ್ಷಕ್ಕೆ 78 ಸೇರಿಸಿದರೆ ಕ್ರಿ.ಶ. 634. ಬದಾಮಿಯ ಮೂರನೆಯ ಗುಹೆಯ ಶಾಸನ ಶಕ 500ರದು. ಅದರ ಕ್ರಿಸ್ತಶಕವನ್ನು ಐದನೇ ತರಗತಿಯವರು ಗುಹೆಯ ಮುಂದೆ ನಿಂತೇ ಹೇಳುತ್ತಾರೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬರುತ್ತದೆ. ಇದಕ್ಕೆಲ್ಲ ಸಮಯ ಎಲ್ಲಿದೆ?

ವಾರಕ್ಕೆ ಒಂದು ಅವಧಿ. ಅಷ್ಟು ಇಲ್ಲವೆಂದರೆ ಹೊಸ ಅಧ್ಯಾಯದ ಮೊದಲ ದಿನ ಮಾತ್ರ. ಅಭ್ಯಾಸದ ಲೆಕ್ಕಗಳನ್ನು ಬಿಡಿ ಎಂದು ನಾನು ಎಂದೂ ಹೇಳುವುದಿಲ್ಲ. ಮಗ್ಗಿಯೂ ಬಾಯಿಗೆ ಬರಬೇಕು. ಎಂಟು ಏಳಲೆ ಎಷ್ಟು ಎಂದು ಬೆರಳು ಎಣಿಸುತ್ತ ಕೂತ ಮಗುವಿಗೆ ದ್ರಾಕ್ಷಿಯ ಬೆರಗು ಸವಿಯಲು ಬಿಡುವೆಲ್ಲಿ?

ಮಗು ಕೇಳಿದ ಪ್ರಶ್ನೆಗೆ ನನಗೇ ಉತ್ತರ ಗೊತ್ತಿಲ್ಲದಿದ್ದರೆ?

ಹಲಗೆಯ ಮೂಲೆಯಲ್ಲಿ ಪ್ರಶ್ನೆಯನ್ನೂ ಕೇಳಿದವರ ಹೆಸರನ್ನೂ ಬರೆಯಿರಿ. ಉತ್ತರ ಸಿಗುವವರೆಗೆ ಅಳಿಸಬೇಡಿ.

ನಾಳೆಯೇ ಶುರು ಮಾಡಬೇಕೆಂದರೆ ಯಾವುದರಿಂದ?

ಜುಲೈನಿಂದ ಸೆಪ್ಟೆಂಬರ್‌ವರೆಗೆ ಆಲಮಟ್ಟಿಯ ಅಂಕಿಗಳಿಂದ. ಗೋಡೆಗೆ ಒಂದು ಆಲೇಖ ಕಾಗದ ಅಂಟಿಸಿ, ದಿನಕ್ಕೊಬ್ಬ ವಿದ್ಯಾರ್ಥಿ ಆ ದಿನದ ಮಟ್ಟಕ್ಕೆ ಒಂದು ಚುಕ್ಕಿ ಇಡಲಿ.

ದ್ರಾಕ್ಷಿ ಹಂಗಾಮಿನಲ್ಲಾದರೆ ಅರ್ಧ ಕಿಲೋ ದ್ರಾಕ್ಷಿ ತಂದು, ಹಣ್ಣುಗಳನ್ನು ಎರಡಾಗಿ ಸೀಳಿ, ತಟ್ಟೆಯಲ್ಲಿ ಹರವಿ, ಸೊಳ್ಳೆಪರದೆಯ ತುಂಡು ಮುಚ್ಚಿ ಬಿಸಿಲಿಗಿಡಿ. ಹತ್ತಿರದ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ದಿನವೂ ಒಂದೇ ಹೊತ್ತಿಗೆ ತೂಗಿ ಬರೆಯಲಿ. ಮೊದಮೊದಲು ತೂಕ ಬೇಗ ಇಳಿದು ಆಮೇಲೆ ಯಾಕೆ ನಿಧಾನವಾಗುತ್ತದೆ ಎಂದು ಅವರೇ ಕೇಳುತ್ತಾರೆ. ಅದಕ್ಕಿಂತ ಮೊದಲು ಖಾಲಿ ತಟ್ಟೆಯನ್ನು ತೂಗಿಟ್ಟುಕೊಳ್ಳಲು ಹೇಳಬೇಡಿ. ಎರಡನೆಯ ದಿನವೋ ಮೂರನೆಯ ದಿನವೋ ಅದು ಅವರಿಗೇ ನೆನಪಾಗಲಿ.